ಮೂರನೇ ಪಿನ್ನಿನ ಮೂಲೆ

ಜಿಪ್ಸಿ ಜೀಪು ನನ್ನ ಶೆಡ್ಡಿಗೆ ಬಂದಿದ್ದು ಒಂದು ಪಿಕಪ್ಪಿನ ಹಿಂದೆ ಹಗ್ಗ ಕಟ್ಟಿಸಿಕೊಂಡು. ಕುಮಟೆಯಿಂದ ಶಿರಸಿಗೆ ಹತ್ತುವಾಗ ದೇವಿಮನೆ ಘಟ್ಟದ ನಡುವೆ ಇಂಜಿನ್ ಒಳಗಿಂದ ಮರದ ಕೊಡತಿಯಲ್ಲಿ ಬಡಿದ ಹಾಗೆ ಶಬ್ದ ಬಂತಂತೆ. ಓಡಿಸುತ್ತಿದ್ದ ಹುಡುಗ ಅದೇ ಕ್ಷಣ ಕೀ ತಿರುಗಿಸಿ ಬಂದ್ ಮಾಡಿದ್ದಾನೆ. ಇನ್ನೆರಡು ತಿರುವು ಹತ್ತಿಬಿಡೋಣ ಅಂದುಕೊಂಡಿದ್ದರೆ ಬ್ಲಾಕ್ ಒಡೆದು, ಪಿಸ್ಟನ್ ಹಿಡಿದಿರುವ ಕನೆಕ್ಟಿಂಗ್ ರಾಡ್ ಹೊರಗೆ ಬರುತ್ತಿತ್ತು. ಮಳೆಯಲ್ಲಿ ತೊಯ್ದುಕೊಂಡೇ ನಿಂತಿದ್ದ ಅವನು ಮೊದಲು ಹೇಳಿದ್ದು ಇಷ್ಟು: "ಅಣ್ಣಾ, ಕ್ಲಚ್ ಪೆಡಲ್ ಕೆಳಗೆ ಎಂತದೋ ನಡುಗ್ತದೆ ಹೇಳಿ ಎಂಟು ದಿನದ ಹಿಂದೆಯೇ ಅನಿಸಿತ್ತು. ನಾನೇ ಲಕ್ಷ್ಯ ಕೊಡಲಿಲ್ಲ."

ಈ ಇಂಜಿನ್ ಕಟ್ಟಿದವನು ನಾನೇ. ಜಿಪ್ಸಿಯ 16 ವಾಲ್ವಿನ 1298 ಸಿಸಿ ಇಂಜಿನ್. ಸಿಲಿಂಡರ್ ಬೋರ್, ಅಂದರೆ ಒಳವ್ಯಾಸ, 74 ಮಿಲಿಮೀಟರ್; ಸ್ಟ್ರೋಕ್, ಅಂದರೆ ಪಿಸ್ಟನ್ ಮೇಲೆ ಕೆಳಗೆ ಓಡುವ ದೂರ, 75.5. ಹುಡುಗನಿಗೆ ಘಟ್ಟದಲ್ಲಿ, ಕೆಸರಿನ ಟ್ರ್ಯಾಕಿನಲ್ಲಿ ಇನ್ನಷ್ಟು ಎಳೆತ ಬೇಕಿತ್ತು. ಹಾಗಾಗಿ ಎರಡು ವರ್ಷದ ಹಿಂದೆ ಹೊರಗಿನಿಂದ 80 ಮಿಲಿಮೀಟರ್ ಸ್ಟ್ರೋಕಿನ ಕ್ರ್ಯಾಂಕ್‌ಶಾಫ್ಟ್ ತರಿಸಿದೆವು. ಪಿಸ್ಟನ್ನಿನ ಏರಿಳಿತವನ್ನು ಸುತ್ತಾಟ ಮಾಡುವ ಸೊಟ್ಟ ದಂಡ ಅದು: ಬ್ಲಾಕಿನಲ್ಲಿ ಕೂತು ತಿರುಗುವ ಭಾಗ ಮೇನ್ ಜರ್ನಲ್, ಕನೆಕ್ಟಿಂಗ್ ರಾಡ್ ಹಿಡಿಯುವ ಭಾಗ ಪಿನ್, ಇವೆರಡನ್ನು ಕೂಡಿಸುವ ಕೈ ವೆಬ್. ಅದಕ್ಕೆ ತಕ್ಕ ಗಿಡ್ಡ ಪಿಸ್ಟನ್, ವಾಲ್ವ್ ತೆರೆಯುವ ಕ್ಯಾಮ್ ಬೇರೆ, ಇಂಜಿನ್ ನಡೆಸುವ ಕಂಪ್ಯೂಟರ್ ಇಸಿಯು ಬೇರೆ. ಸಿಸಿ 1376 ಆಯಿತು, ಆರ್‌ಪಿಎಂ ಮಿತಿ 7500ಕ್ಕೆ ಏರಿತು. ಮೊದಲ ವರ್ಷದಲ್ಲೇ ಉದ್ದದ ಎಡ ತಿರುವೊಂದರಲ್ಲಿ ಇಂಜಿನ್ನಿನ ತಳದ ತೊಟ್ಟಿಯಾದ ಸಂಪಿನ ಆಯಿಲ್ ಎಲ್ಲ ಒಂದು ಬದಿಗೆ ಸರಿದು ಪಂಪ್ ಗಾಳಿ ಎಳೆಯಿತು. ಪಿನ್ನಿನ ಸುತ್ತ ಕೂರುವ ಬೇರಿಂಗ್ ಶೆಲ್ ಎರಡು ಉಜ್ಜಿ ಹೋದವು, ಪಿನ್ನುಗಳ ಮೇಲೆ ಗೀರು ಬಿತ್ತು. ನಾಲ್ಕೂ ಪಿನ್ನನ್ನು 0.25 ಮಿಲಿಮೀಟರ್ ಸಣ್ಣ ಮಾಡಲು 0.25 ಅಂಡರ್‌ಸೈಜಿಗೆ ಗ್ರೈಂಡಿಂಗ್ ಮಾಡಿಸಿ, ಹೊಸ ಶೆಲ್ ಹಾಕಿ ಮತ್ತೆ ಕೂರಿಸಿದೆ. ಈ ಮಾತು ನೆನಪಿನಲ್ಲಿರಲಿ, ಮುಂದೆ ಬೇಕಾಗುತ್ತದೆ.

ನನ್ನ ಮೊದಲ ಅನುಮಾನ ಇದ್ದದ್ದು ಕ್ರ್ಯಾಂಕಿನ ತುದಿಗೆ ಕೂರುವ ಭಾರದ ಚಕ್ರ, ಫ್ಲೈವೀಲಿನ ಬೋಲ್ಟುಗಳ ಮೇಲೆ. ಸಡಿಲವಾದರೆ ಇದೇ ತರಹ ನಡುಕ, ಇದೇ ತರಹ ಬಡಿತ. ಗೇರ್‌ಬಾಕ್ಸ್ ಇಳಿಸಿ ನೋಡಿದರೆ ಎಲ್ಲವೂ ಬಿಗಿ. ಸಂಪ್ ಬಿಚ್ಚಿದೆ, ತಳದಲ್ಲಿ ಶೆಲ್ಲಿನ ಪುಡಿ ಇಲ್ಲ, ಆಯಿಲ್ ಸ್ವಚ್ಛ. ಬೇರಿಂಗ್ ಕ್ಯಾಪ್ ಒಂದೊಂದಾಗಿ ತೆಗೆದೆ. ಮೂರನೇ ಪಿನ್ನಿನ ಶೆಲ್ ಮಾತ್ರ ಒಂದು ಅಂಚಿನಲ್ಲಿ ಹೊಳೆಯುತ್ತಿತ್ತು, ಇನ್ನೊಂದು ಅಂಚು ಮಂಕು. ಪಿನ್ ಓರೆಯಾಗಿ ಓಡಿದೆ ಅಂತ ಅರ್ಥ. ನೇರ ಇರುವ ಪಿನ್ ಓರೆಯಾಗಬೇಕಾದರೆ ಅದರ ಪಕ್ಕದ ವೆಬ್ ಬಾಗುತ್ತಿರಬೇಕು.

ಕ್ರ್ಯಾಂಕ್ ಹೊರಗೆ ತೆಗೆದು ತೊಲೆಗೆ ಹಗ್ಗದಿಂದ ತೂಗು ಹಾಕಿದೆ. ಸಣ್ಣ ಸುತ್ತಿಗೆಯಿಂದ ಪ್ರತಿ ವೆಬ್ಬಿಗೆ ಒಂದೊಂದು ಏಟು. ಗಟ್ಟಿಮುಟ್ಟಾದ ಕ್ರ್ಯಾಂಕ್ ದೇವಸ್ಥಾನದ ಗಂಟೆಯ ಹಾಗೆ ಸ್ವಲ್ಪ ಹೊತ್ತು ನಾದ ಹಿಡಿದುಕೊಳ್ಳುತ್ತದೆ. ಇದು ಒಡಕು ಮಡಕೆಯ ಸದ್ದು ಕೊಟ್ಟಿತು. ಆಗಲೇ ಎದೆ ಧಸಕ್ಕೆಂದಿತು.

ಬಿರುಕು ಹುಡುಕುವ ಸ್ಪ್ರೇ ಹುಬ್ಬಳ್ಳಿಯಿಂದ ಬರಬೇಕಿತ್ತು. ಅಷ್ಟರಲ್ಲಿ ಹಳೇ ಪದ್ಧತಿಯನ್ನೇ ಮಾಡಿದೆ, ನನಗೆ ಇವತ್ತಿಗೂ ಅದರ ಮೇಲೆ ನಂಬಿಕೆ ಇದೆ. ಕ್ರ್ಯಾಂಕನ್ನು ಒಂದು ರಾತ್ರಿ ಸೀಮೆಎಣ್ಣೆಯಲ್ಲಿ ಮುಳುಗಿಸಿಟ್ಟು, ಬೆಳಿಗ್ಗೆ ಹತ್ತಿ ವೇಸ್ಟಿನಿಂದ ಒರೆಸಿ ಪೂರ್ತಿ ಒಣಗಿಸಿದೆ. ಆಮೇಲೆ ಸೀಮೆಸುಣ್ಣ ಅರೆದು ಸ್ಪಿರಿಟ್ಟಿನಲ್ಲಿ ಕಲಸಿ ಬ್ರಶ್ಶಿನಲ್ಲಿ ತೆಳುವಾಗಿ ಬಳಿದೆ. ಸ್ಪಿರಿಟ್ ಆರಿ ಪಿನ್ನೆಲ್ಲ ಬೆಳ್ಳಗಾಯಿತು. ಚಾ ಕುಡಿದು ಬಂದು ನೋಡುವಷ್ಟರಲ್ಲಿ ಮೂರನೇ ಪಿನ್ನಿನ ಒಳಬದಿಯಲ್ಲಿ, ನಡುವಿನ ಮೇನ್ ಜರ್ನಲ್ ಕಡೆಗಿರುವ ಮೂಲೆಯಲ್ಲಿ, ಕೂದಲಿನಷ್ಟು ಸಣ್ಣ ಕಂದು ಗೆರೆ ಮೂಡಿತ್ತು. ಬಿರುಕಿನ ಒಳಗೆ ಹೊಕ್ಕಿದ್ದ ಸೀಮೆಎಣ್ಣೆಯನ್ನು ಸುಣ್ಣ ಹೊರಗೆ ಎಳೆದುಕೊಂಡಿತ್ತು. ಮರುದಿನ ಸ್ಪ್ರೇ ಬಂದ ಮೇಲೆ ಕೆಂಪು ಗೆರೆಯಾಗಿ ಅದೇ ಜಾಗ ತೋರಿಸಿತು. ದಾರ ಇಟ್ಟು ಅಳೆದರೆ 38 ಮಿಲಿಮೀಟರ್; ಪಿನ್ನಿನ ಸುತ್ತಳತೆಯ ಕಾಲು ಭಾಗಕ್ಕಿಂತ ಹೆಚ್ಚು.

ಶೆಡ್ಡಿಗೆ ಬಂದವರೆಲ್ಲ ಒಂದೇ ಮಾತು ಹೇಳಿದರು: ಕಂಪನಿ ಮಾಲಲ್ಲ, ಕಬ್ಬಿಣ ಡುಪ್ಲಿಕೇಟ್. ನನಗೂ ಹಾಗೇ ಅನಿಸಿತು; ಹಾಗೆ ಅಂದುಕೊಂಡರೆ ಮನಸ್ಸಿಗೆ ಹಗುರ ಕೂಡ. ಆದರೆ ದುಡ್ಡು ಕೊಟ್ಟವನಿಗೆ ಅನುಮಾನ ಹೇಳಿ ಕಳಿಸುವುದು ನ್ಯಾಯವಲ್ಲ. ಕ್ರ್ಯಾಂಕಿನ ಮೂತಿಯಿಂದ ಒಂದು ಬಿಲ್ಲೆ ಕೊಯ್ದು ಬೆಳಗಾವಿಯ ಉದ್ಯಮಬಾಗಿಗೆ ಪರೀಕ್ಷೆಗೆ ಕಳಿಸಿದೆ. ಫೌಂಡ್ರಿಗಳಿರುವ ಊರು, ಅಲ್ಲಿ ಇಂಥ ಕೆಲಸಕ್ಕೆ ತೊಂದರೆಯಿಲ್ಲ. ವರದಿ ಬಂತು: ನಿಕ್ಕಲ್ 1.42, ಕ್ರೋಮಿಯಂ 1.15, ಮಾಲಿಬ್ಡಿನಂ 0.24 ಶೇಕಡಾ. ಅಪ್ಪಟ ಇಎನ್ 24 ಉಕ್ಕು, ಮಾರಿದವರು ಕಾಗದದಲ್ಲಿ ಏನು ಬರೆದಿದ್ದರೋ ಅದೇ. ದುಂಡು ಸಲಾಕೆಯಿಂದ ಕೊರೆದು ಮಾಡಿದ್ದು ನಿಜ, ಬಡಿದು ಅಚ್ಚಿಗೆ ಇಳಿಸಿದ ಕ್ರ್ಯಾಂಕಿನಲ್ಲಿ ಉಕ್ಕಿನ ಎಳೆ ವೆಬ್ಬಿನ ತಿರುವಿನ ಜೊತೆಗೇ ತಿರುಗುವಂತೆ ಇದರಲ್ಲಿ ತಿರುಗುವುದಿಲ್ಲ, ಎಳೆ ಕಡಿದಿರುತ್ತದೆ. ಅದೂ ಒಂದು ಕೊರತೆಯೇ. ಆದರೆ ಹೀಗೆ ಕೊರೆದು ಮಾಡಿದ ಕ್ರ್ಯಾಂಕುಗಳು ಎಷ್ಟೋ ರೇಸ್ ಇಂಜಿನ್ನುಗಳಲ್ಲಿ ಸುಖವಾಗಿ ಓಡುತ್ತಿವೆ. ಉಕ್ಕಿನ ಮೇಲೆ ತಪ್ಪು ಹೊರಿಸುವ ದಾರಿ ಅಲ್ಲಿಗೆ ಮುಚ್ಚಿತು.

ಬಿರುಕಿನ ಒಳಗೆ ನೋಡಬೇಕಿತ್ತು. ಅಕ್ಕಪಕ್ಕದ ವೆಬ್ಬುಗಳಿಗೆ ಕಟ್ಟೆ ಕೊಟ್ಟು ಹೈಡ್ರಾಲಿಕ್ ಪ್ರೆಸ್ಸಿನಲ್ಲಿ ಒತ್ತಿದೆ. ಠಣ್ ಅಂತ ಒಂದೇ ಸದ್ದಿಗೆ ಎರಡು ತುಂಡು. ಮುರಿದ ಮುಖ ಎರಡು ಬಣ್ಣದ್ದು. ಈಗ ಪ್ರೆಸ್ಸಿನಲ್ಲಿ ಮುರಿದ ಭಾಗ ಸಕ್ಕರೆಯ ಹಾಗೆ ಹರಳು ಹರಳಾಗಿ ಬೆಳ್ಳಗೆ. ಮೊದಲೇ ಬಿರುಕು ಬಿಟ್ಟಿದ್ದ ಭಾಗ ನುಣ್ಣಗೆ, ಆಯಿಲ್ ಕುಡಿದು ಕಂದಾಗಿ, ಅದರ ಮೇಲೆ ಬಿಲ್ಲಿನಾಕಾರದ ಗೆರೆಗಳು. ಇಂಜಿನಿಯರುಗಳು ಇದಕ್ಕೆ ಬೀಚ್ ಮಾರ್ಕ್ ಅನ್ನುತ್ತಾರೆ. ಗೋಕರ್ಣದಲ್ಲೋ ಕಾರವಾರದಲ್ಲೋ ಇಳಿತದ ಹೊತ್ತಿಗೆ ತೆರೆ ಒಂದೊಂದು ಹೆಜ್ಜೆ ಹಿಂದೆ ಸರಿಯುತ್ತ ಮರಳಿನ ಮೇಲೆ ಬಿಟ್ಟು ಹೋಗುವ ಗೆರೆ ನೋಡಿದವರಿಗೆ ಆ ಹೆಸರು ಯಾಕೆ ಬಂತೆಂದು ಹೇಳಬೇಕಾಗಿಲ್ಲ. ಘಟ್ಟದಲ್ಲಿ ಜೋರಾಗಿ ಓಡಿದ ಹೊತ್ತಲ್ಲಿ ಬಿರುಕು ಮುಂದೆ ಹೋಗಿದೆ, ಸುಮ್ಮನೆ ಪೇಟೆಯಲ್ಲಿ ಓಡಾಡಿದಾಗ ನಿಂತಿದೆ. ಪ್ರತಿ ನಿಲುಗಡೆಗೆ ಒಂದು ಗೆರೆ. ಗೆರೆಗಳನ್ನು ಹಿಂದಕ್ಕೆ ಹಿಡಿದುಕೊಂಡು ಹೋದರೆ ಎಲ್ಲ ಬಂದು ಸೇರುವುದು ಪಿನ್ನು ವೆಬ್ಬಿಗೆ ಕೂಡುವ ಮೂಲೆಗೆ. ಆಯಿಲ್ ತೂತಿನ ಹತ್ತಿರ ಒಂದೂ ಇಲ್ಲ.

ಇದು ಮುಖ್ಯ. ತಿರುಚುವ ಬಲದಿಂದ ಸೀಳಿದ್ದರೆ ಬಿರುಕು ಹೆಚ್ಚಾಗಿ ಆಯಿಲ್ ತೂತಿನಿಂದ ಹೊರಟು 45 ಡಿಗ್ರಿ ಓರೆಯಾಗಿ ಪಿನ್ನನ್ನು ಸುತ್ತುತ್ತದೆ. ಮುಂದಿನ ಪುಲ್ಲಿಯಲ್ಲಿ ಕಂಪನ ನುಂಗಲು ರಬ್ಬರ್ ಬಳೆ ಇರುವ ಇಂಜಿನ್ನುಗಳಲ್ಲಿ ಅದನ್ನು ಕಿತ್ತೆಸೆದು ಹಗುರ ಅಲ್ಯೂಮಿನಿಯಂ ಪುಲ್ಲಿ ಹಾಕಿದಾಗ ಆಗುವ ಕೇಡು ಅದು. ಕಾಲೇಜು ಹುಡುಗರು ಈಗಲೂ ಅದನ್ನು ಕೇಳಿಕೊಂಡು ಬರುತ್ತಾರೆ, ನಾನು ಹಾಕಿಕೊಡುವುದಿಲ್ಲ. ನಮ್ಮದು ಮೂಲೆಯಿಂದ ಹೊರಟು ವೆಬ್ಬಿನ ಅಡ್ಡಕ್ಕೆ ನೇರ ಹೋಗಿದೆ. ಬಾಗಿ ಬಾಗಿ ದಣಿದು ಬಿಟ್ಟ ಬಿರುಕು.

ಹಾಗಾದರೆ ಆ ಮೂಲೆಯಲ್ಲಿ ಏನಿತ್ತು? ಪಿನ್ನೂ ವೆಬ್ಬೂ ಸೇರುವಲ್ಲಿ ಕಾಲು ವೃತ್ತದ ಒಂದು ದುಂಡು ಇರುತ್ತದೆ, ಫಿಲೆಟ್ ರೇಡಿಯಸ್ ಅನ್ನುತ್ತಾರೆ. ಬಲ ಪಿನ್ನಿನಿಂದ ವೆಬ್ಬಿಗೆ ಹರಿದು ಹೋಗುವುದು ಈ ದುಂಡಿನ ಮೂಲಕ. ದುಂಡು ದೊಡ್ಡದಿದ್ದರೆ ಬಲ ಹರಡಿಕೊಳ್ಳುತ್ತದೆ, ಚೂಪಾದರೆ ಒಂದೇ ಗೆರೆಯಲ್ಲಿ ಒಟ್ಟುಗೂಡುತ್ತದೆ. ರೇಡಿಯಸ್ ಗೇಜಿನ ಎಲೆ ಅಷ್ಟು ಇಕ್ಕಟ್ಟಿನಲ್ಲಿ ಸರಿಯಾಗಿ ಕೂರುವುದಿಲ್ಲ, ಕೂತರೂ ಕಣ್ಣಿಗೆ ಬೆಳಕು ಕಾಣುವುದಿಲ್ಲ. ಹಾಗಾಗಿ ಅಚ್ಚು ತೆಗೆದೆ. ಮೂಲೆಗೆ ತೆಳುವಾಗಿ ಗ್ರೀಸ್ ಸವರಿ, ನಾದಿದ ಎಂಸೀಲ್ ಹೆಬ್ಬೆರಳಿನಿಂದ ಒತ್ತಿ ಕೂರಿಸಿದೆ. ಗಟ್ಟಿಯಾದ ಮೇಲೆ ಮೆಲ್ಲಗೆ ಎಬ್ಬಿಸಿ, ಹ್ಯಾಕ್ಸಾ ಬ್ಲೇಡಿನಿಂದ ಅಡ್ಡ ಕೊಯ್ದು, ಕೊಯ್ದ ಮುಖವನ್ನು ಎಮರಿ ಪೇಪರಿನ ಮೇಲೆ ಉಜ್ಜಿದರೆ ಮೂಲೆಯ ನಕಲು ಕೈಯಲ್ಲೇ. ಈಗ ಗೇಜ್ ಇಟ್ಟು ಕಿಟಕಿಯ ಬೆಳಕಿಗೆ ಹಿಡಿಯಬಹುದು.

ಮೇನ್ ಜರ್ನಲ್‌ಗಳ ಅಚ್ಚು 2 ಮಿಲಿಮೀಟರ್ ಎಲೆಗೆ ಸಂದಿಲ್ಲದೆ ಕೂತಿತು. ಮೂರನೇ ಪಿನ್ನಿನದು 1 ಮಿಲಿಮೀಟರಿಗೂ ಪೂರ್ತಿ ಕೂರಲಿಲ್ಲ. ದುಂಡಿನ ಬುಡದಲ್ಲಿ ಒಂದು ಸಣ್ಣ ಮೆಟ್ಟಿಲೇ ಇತ್ತು, ಉಗುರು ಆಡಿಸಿದರೆ ಸಿಕ್ಕುತ್ತಿತ್ತು. ಮೊದಲನೇ ಪಿನ್ನಿನ ಒಂದು ಬದಿಯಲ್ಲಿ ಗ್ರೈಂಡಿಂಗ್ ಕಲ್ಲು ಗೋಡೆಯವರೆಗೆ ಹೋಗಿರಲಿಲ್ಲ. ಅಲ್ಲಿ ಮಾಡಿದವರ ಮೂಲ ದುಂಡು ಹಾಗೇ ಉಳಿದಿತ್ತು. ಅಚ್ಚು ತೆಗೆದು ನೋಡಿದೆ: 2 ಮಿಲಿಮೀಟರ್.

ಆ ತುಂಡು ಹಿಡಿದುಕೊಂಡು ತುಂಬಾ ಹೊತ್ತು ಬೆಂಚಿನ ಮೇಲೆ ಕೂತಿದ್ದೆ. ಕ್ರ್ಯಾಂಕ್ ಬಂದಾಗ ಸರಿಯಾಗಿಯೇ ಇತ್ತು. ಅದನ್ನು ಗ್ರೈಂಡಿಂಗಿಗೆ ಕಳಿಸಿದವನು ನಾನು. "ಪಿನ್ನು 0.25 ಮಾಡಿ" ಅಂತ ಹೇಳಿದವನು, ರೇಡಿಯಸ್ ಎಷ್ಟು ಬಿಡಬೇಕೆಂದು ಹೇಳದವನು, ವಾಪಸ್ ಬಂದಾಗ ಮೈಕ್ರೋಮೀಟರಿನಲ್ಲಿ ಪಿನ್ನಿನ ದಪ್ಪ ಮಾತ್ರ ಅಳೆದು ಮೂಲೆಗೆ ಬೆರಳು ಹಾಕಿ ನೋಡದವನು ನಾನೇ. ಗ್ರೈಂಡಿಂಗ್ ಕಲ್ಲಿನ ಅಂಚನ್ನು ವಜ್ರದ ತುದಿಯಿಂದ ದುಂಡಗೆ ಕೆತ್ತಿಕೊಳ್ಳದೆ, ಚೂಪು ಅಂಚಿನಲ್ಲೇ ಪಿನ್ನಿನ ಕೊನೆಯವರೆಗೆ ಒಯ್ದರೆ ಮೂಲೆ ಹೀಗೇ ಆಗುತ್ತದೆ. ಟ್ರಾಕ್ಟರ್, ಲಾರಿ ಕೆಲಸ ಕೈಯಲ್ಲಿ ಸಾಲುಗಟ್ಟಿ ನಿಂತಿರುವಾಗ ಅವರು ಒಂದು ಕ್ರ್ಯಾಂಕಿಗಾಗಿ ಕಲ್ಲು ಕೆತ್ತಲಿಲ್ಲ. ಕೇಳಬೇಕಾದವನು ಕೇಳಲೂ ಇಲ್ಲ.

ಇನ್ನೊಂದು ಇತ್ತು. ಈ ಕ್ರ್ಯಾಂಕ್ ನೈಟ್ರೈಡಿಂಗ್ ಮಾಡಿದ್ದು. ಸುಮಾರು 500 ಡಿಗ್ರಿ ಬಿಸಿಯಲ್ಲಿ ಉಕ್ಕಿನ ಹೊರಮೈಗೆ ಸಾರಜನಕ ಹೊಗಿಸಿ ಗಟ್ಟಿ ಪದರ ಕಟ್ಟುವ ಕೆಲಸ. ಪದರದ ದಪ್ಪ ಮಿಲಿಮೀಟರಿನ ಮೂರನೇ ಒಂದು ಭಾಗ, ಹೆಚ್ಚೆಂದರೆ ಅರ್ಧ. ಸವೆತ ತಡೆಯುವುದಷ್ಟೇ ಅದರ ಕೆಲಸ ಅಂತ ಬಹಳ ಜನ ತಿಳಿದಿದ್ದಾರೆ. ಅಷ್ಟೇ ಅಲ್ಲ, ಆ ಪದರ ಒಳಗಿನ ಉಕ್ಕಿನ ಮೇಲೆ ಬಿಗಿಯಾಗಿ ಒತ್ತಿಕೊಂಡು ಕೂತಿರುತ್ತದೆ. ಬಿರುಕು ಬಾಯಿ ಬಿಡಬೇಕಾದರೆ ಮೊದಲು ಆ ಒತ್ತಡವನ್ನು ಗೆಲ್ಲಬೇಕು. 0.25 ಅಂಡರ್‌ಸೈಜ್ ಎಂದರೆ ಒಂದು ಬದಿಯಿಂದ 0.125 ಹೋಯಿತು, ಅದೂ ಎಲ್ಲಕ್ಕಿಂತ ಗಟ್ಟಿಯಾದ ಹೊರಗಿನ ಭಾಗ. ಮೂಲೆಯಲ್ಲಂತೂ ಕಲ್ಲು ಒಳಗೆ ನುಗ್ಗಿದ್ದರಿಂದ ಪದರವೇ ಉಳಿದಿರಲಿಲ್ಲ. ಸೂಜಿ ಅರ ತೆಗೆದುಕೊಂಡು ಮೇನ್ ಜರ್ನಲ್ಲಿನ ಮೂಲೆಗೆ ಎಳೆದೆ; ಗಾಜಿನ ಮೇಲೆ ಎಳೆದಂತೆ ಜಾರಿತು. ಮೂರನೇ ಪಿನ್ನಿನ ಮೂಲೆಗೆ ಎಳೆದೆ. ಕರ್ ಅಂತ ಕಚ್ಚಿ ಪುಡಿ ಬಂತು. ಗ್ರೈಂಡಿಂಗ್ ಆದ ಮೇಲೆ ಮತ್ತೆ ನೈಟ್ರೈಡಿಂಗ್ ಮಾಡಿಸಲೇಬೇಕಿತ್ತು. ಟ್ರ್ಯಾಕಿನ ದಿನ ಹತ್ತಿರ ಬಂದಿತ್ತೆಂದು ಬಿಟ್ಟುಬಿಟ್ಟಿದ್ದೆ.

ಗ್ರೈಂಡಿಂಗಿನಲ್ಲಿ ಉಕ್ಕು ಸುಟ್ಟಿದೆಯೇ ಎಂದೂ ನೋಡಿದೆ. ಸ್ಪಿರಿಟ್ಟಿಗೆ ನೂರಕ್ಕೆ ನಾಲ್ಕು ಪಾಲು ನೈಟ್ರಿಕ್ ಆಸಿಡ್ ಹನಿಹನಿಯಾಗಿ ಬೆರೆಸಿ ಹತ್ತಿಯಲ್ಲಿ ಒರೆಸಬೇಕು. ಆಸಿಡ್ಡಿಗೆ ಸ್ಪಿರಿಟ್ ಹಾಕಬಾರದು, ಮಿಕ್ಕಿದ್ದನ್ನು ಬಾಟಲಿಯಲ್ಲಿ ಬಿಗಿದು ಮುಚ್ಚಿ ಇಡಬಾರದು, ಕಿಟಕಿ ಬಾಗಿಲು ತೆರೆದಿರಬೇಕು. ಒಳ್ಳೆಯ ಮೈ ಒಂದೇ ಸಮ ಬೂದು ಆಗುತ್ತದೆ. ಇಲ್ಲಿ ಮೂಲೆಯ ಉದ್ದಕ್ಕೂ ಕಡ್ಡಿ ಗೀಚಿದ ಹಾಗೆ ಕಪ್ಪು ಪಟ್ಟಿ ಬಂತು. ಕಲ್ಲು ಮೊಂಡಾಗಿ, ಕೂಲಂಟ್ ಮೂಲೆಗೆ ತಲುಪದೆ ಸುಟ್ಟ ಗುರುತು.

ಹುಡುಗನಿಗೆ ಇದೆಲ್ಲ ಹೇಳಿ, ತಪ್ಪು ನನ್ನದು, ಕೂಲಿ ತೆಗೆದುಕೊಳ್ಳುವುದಿಲ್ಲ ಅಂದೆ. ಅವನು ಕೇಳಿದ್ದು ಬೇರೆ. "ಹಾಗಾದ್ರೆ ಇನ್ನೊಂದು 80ರದ್ದೇ ತರ್ಸಿ, ಈ ಸಲ ಗ್ರೈಂಡಿಂಗ್ ಮಾಡದೇ ಹಾಕುವ ಅಲ್ದಾ ಅಣ್ಣಾ?"

ಸೀಮೆಸುಣ್ಣ ಇನ್ನೂ ಕೈಯಲ್ಲೇ ಇತ್ತು. ಶೆಡ್ಡಿನ ನೆಲದ ಮೇಲೆ ಎರಡು ವೃತ್ತ ಬರೆದೆ. ಒಂದು ಮೇನ್ ಜರ್ನಲ್, 45 ಮಿಲಿಮೀಟರ್. ಇನ್ನೊಂದು ಪಿನ್, 42. ಕ್ರ್ಯಾಂಕನ್ನು ಮೂತಿಯ ಕಡೆಯಿಂದ ನೋಡಿದರೆ ಈ ಎರಡು ವೃತ್ತ ಒಂದರ ಮೇಲೊಂದು ಸ್ವಲ್ಪ ಹತ್ತಿಕೊಂಡಿರುತ್ತವೆ, ಎರಡು ಬಳೆಗಳನ್ನು ಅಂಚಿಗೆ ಅಂಚು ಏರಿಸಿ ಇಟ್ಟ ಹಾಗೆ. ಏರಿಕೊಂಡ ಆ ಭಾಗವೇ ವೆಬ್ಬಿನ ಬೆನ್ನುಮೂಳೆ. ಎರಡೂ ವ್ಯಾಸ ಕೂಡಿಸಿ ಅರ್ಧ ಮಾಡಿದರೆ 43.5. ಅದರಲ್ಲಿ ಸ್ಟ್ರೋಕಿನ ಅರ್ಧ ಕಳೆಯಬೇಕು. ಮೂಲ ಇಂಜಿನ್ನಿಗೆ 37.75 ಕಳೆದರೆ 5.75 ಮಿಲಿಮೀಟರ್ ಉಳಿಯುತ್ತದೆ. 80ರ ಸ್ಟ್ರೋಕಿಗೆ 40 ಕಳೆದರೆ ಉಳಿಯುವುದು 3.5. ಪಿನ್ನನ್ನು 0.25 ಸಣ್ಣ ಮಾಡಿದ ಮೇಲೆ ಇನ್ನೂ ಸ್ವಲ್ಪ ಕಡಿಮೆ, 3.375. ಸ್ಟ್ರೋಕ್ ಹೆಚ್ಚಿಸಿದ್ದು ನಾಲ್ಕೂವರೆ ಮಿಲಿಮೀಟರ್ ಮಾತ್ರ, ಬೆನ್ನುಮೂಳೆ ಮಾತ್ರ ಐದರಲ್ಲಿ ಎರಡು ಪಾಲು ಹೋಯಿತು. ಜರ್ನಲ್ ದಪ್ಪ ಹೆಚ್ಚಿಸಲು ಬ್ಲಾಕಿನಲ್ಲಿ ಜಾಗವಿಲ್ಲ. ಬೇರೆಯವರು ಕೊಟ್ಟ ಬ್ಲಾಕಿನೊಳಗೆ ಉದ್ದ ಸ್ಟ್ರೋಕ್ ತುರುಕುವ ಯಾವ ಕ್ರ್ಯಾಂಕಿಗೂ ಇದೇ ಪಾಡು. ಉಕ್ಕು ಎಷ್ಟು ಒಳ್ಳೆಯದಾದರೂ ಮೂಲೆಯ ದುಂಡಿನಲ್ಲಿ, ಮೇಲ್ಮೈಯಲ್ಲಿ ಒಂದು ಗೀರಿನಷ್ಟೂ ತಪ್ಪಬಾರದಷ್ಟು ಬಿಗಿಯಾದ ಲೆಕ್ಕ ಅದು.

ಬಲದ ಲೆಕ್ಕವನ್ನೂ ಹೇಳಿದೆ. ಆರ್‌ಪಿಎಂ 6000ದಿಂದ 7500ಕ್ಕೆ ಹೋದರೆ ಕಾಲು ಪಾಲು ಹೆಚ್ಚಾಯಿತು ಅನಿಸುತ್ತದೆ, ಆದರೆ ಪಿಸ್ಟನ್ ಎಳೆಯುವ ಬಲ ವೇಗದ ವರ್ಗದ ಲೆಕ್ಕದಲ್ಲಿ ಏರುತ್ತದೆ. ಒಂದೂವರೆ ಪಟ್ಟಿಗಿಂತ ಹೆಚ್ಚು. ಪಿಸ್ಟನ್, ಪಿನ್, ರಿಂಗು, ರಾಡಿನ ಮೇಲ್ಭಾಗ ತಕ್ಕಡಿಯಲ್ಲಿಟ್ಟರೆ 440 ಗ್ರಾಂ. 7500ರಲ್ಲಿ ಅದೇ 440 ಗ್ರಾಂ ಮೇಲಿನ ತುದಿಯಲ್ಲಿ ಸುಮಾರು ಒಂದೂವರೆ ಟನ್ ತೂಕದ ಹಾಗೆ ಜಗ್ಗುತ್ತದೆ. ಸುಡುವ ಅನಿಲ ಪಿಸ್ಟನ್ನನ್ನು ಕೆಳಗೆ ತಳ್ಳಿದಾಗ ಪಿನ್ನಿನ ಒಳಬದಿಯ ಮೂಲೆ ಬಿರಿಯುವ ಕಡೆಗೆ ಎಳೆಯಲ್ಪಡುತ್ತದೆ, ಪಿಸ್ಟನ್ ಮೇಲಕ್ಕೆ ಜಗ್ಗಿದಾಗ ಅದೇ ಮೂಲೆ ಒತ್ತಿಕೊಳ್ಳುತ್ತದೆ. ತಂತಿಯನ್ನು ಆ ಕಡೆ ಈ ಕಡೆ ಬಗ್ಗಿಸಿ ಮುರಿಯುವ ಹಾಗೆ. ಎರಡನೇ ಮತ್ತು ಮೂರನೇ ಪಿಸ್ಟನ್ ಜೊತೆಯಾಗಿ ಏರಿ ಜೊತೆಯಾಗಿ ಇಳಿಯುವುದರಿಂದ ಅವೆರಡರ ನಡುವಿನ ಮೇನ್ ಜರ್ನಲ್ಲಿಗೆ ಇಬ್ಬರ ಜಗ್ಗಾಟವೂ ಒಟ್ಟಿಗೆ ಬೀಳುತ್ತದೆ. ನಮ್ಮ ಬಿರುಕು ಆ ಕಡೆಯ ಮೂಲೆಯಲ್ಲೇ ಹುಟ್ಟಿದ್ದು ಕಾಕತಾಳೀಯವಲ್ಲ.

ಉಕ್ಕು ಒಂದು ಕೋಟಿ ಸಲ ಬಗ್ಗಿಯೂ ಬಿರುಕು ಬಿಡಲಿಲ್ಲವೆಂದರೆ ಆ ಬಲಕ್ಕೆ ಮುಂದೆಯೂ ಬಿಡುವುದಿಲ್ಲ ಅಂತ ಲೆಕ್ಕ ಹಾಕುವ ರೂಢಿ ಇದೆ. 7000 ಆರ್‌ಪಿಎಂನಲ್ಲಿ ಗಂಟೆಗೆ 4 ಲಕ್ಷ 20 ಸಾವಿರ ಸುತ್ತು. ಕೋಟಿ ಆಗಲು 24 ಗಂಟೆ ಸಾಕು. ಒಂದು ಸೀಸನ್ ಚೆನ್ನಾಗಿ ಓಡಿತು, ಕ್ರ್ಯಾಂಕ್ ಗಟ್ಟಿ ಅಂತ ನಾವು ಅಂದುಕೊಳ್ಳುವಾಗ ಅದು ಆ ಲೆಕ್ಕದ ಅರ್ಧ ದಾರಿಯಲ್ಲೂ ಇರುವುದಿಲ್ಲ.

ಹುಡುಗ ನೆಲದ ವೃತ್ತಗಳನ್ನೇ ನೋಡುತ್ತ ಕೂತಿದ್ದ. ಕಡೆಗೆ, "ಹಳೇ ಕ್ರ್ಯಾಂಕ್ ಮನೆಯ ಅಟ್ಟದ ಮೇಲೆ ಉಂಟು" ಅಂದ.

ಅವನ ಅಪ್ಪ ಅದನ್ನು ಗೋಣಿಚೀಲದಲ್ಲಿ ಗ್ರೀಸ್ ಬಳಿದು ಸುತ್ತಿಟ್ಟಿದ್ದರು. ಈ ಕರಾವಳಿಯ ಉಪ್ಪುಗಾಳಿಯಲ್ಲಿ ಎರಡು ಮಳೆಗಾಲ ಕಳೆದರೂ ಒಂದು ಚುಕ್ಕೆ ತುಕ್ಕಿಲ್ಲ. ತೂಗು ಹಾಕಿ ಬಡಿದಾಗ ನಾದ ಬಂತು. ಆದರೂ ಬೆಳಗಾವಿಗೆ ಕಳಿಸಿ ಅಯಸ್ಕಾಂತದ ಪರೀಕ್ಷೆ ಮಾಡಿಸಿದೆ, ಬಿರುಕಿಲ್ಲ ಅಂತ ಬರೆದುಕೊಟ್ಟರು. ಅಳತೆ ಎಲ್ಲವೂ ಸ್ಟ್ಯಾಂಡರ್ಡ್. ಗ್ರೈಂಡಿಂಗ್ ಬೇಡವೇ ಬೇಡ. ಆಯಿಲ್ ದಾರಿಯ ಪ್ಲಗ್ ತೆಗೆದು ಬ್ರಶ್ ತೂರಿಸಿ ತೊಳೆದೆ. ಪ್ರತಿ ಆಯಿಲ್ ತೂತಿನ ಬಾಯಿಯನ್ನು ಎಮರಿಯಿಂದ ದುಂಡಗೆ ಮಾಡಿದೆ. ಮೂಲೆಗಳಿಗೆ ನುಣ್ಣನೆಯ ಎಮರಿ ಪಟ್ಟಿಯನ್ನು ನೂಲಿನ ಹುರಿಗೆ ಸುತ್ತಿ, ಬೆಣ್ಣೆ ಕಡೆಯುವ ಹಾಗೆ ಎಳೆದು ಎಳೆದು ಪಾಲಿಶ್ ಮಾಡಿದೆ. ಎಂಟು ಮೂಲೆಗೆ ಒಂದೂವರೆ ದಿನ ಹಿಡಿಯಿತು. ಎಂಟಕ್ಕೂ ಎಂಸೀಲ್ ಅಚ್ಚು ತೆಗೆದು ಗೇಜಿಗೆ ಹಿಡಿದೆ.

ಬ್ಲಾಕಿನ ಮೇನ್ ಬೇರಿಂಗ್ ಕೂರುವ ಐದು ಜಾಗಗಳ ಮೇಲೆ ನೇರಪಟ್ಟಿ ಇಟ್ಟು ಫೀಲರ್ ಗೇಜ್ ತೂರಿಸಿ ನೋಡಿದೆ. ನಡುವಿನದು ತಗ್ಗಿದ್ದರೆ ಒಳ್ಳೆಯ ಕ್ರ್ಯಾಂಕ್ ಕೂಡ ಪ್ರತಿ ಸುತ್ತಿಗೆ ಬಾಗುತ್ತದೆ. ನೇರವಿತ್ತು. ಶೆಲ್ ಕ್ಲಿಯರೆನ್ಸ್, ಅಂದರೆ ಶೆಲ್ಲಿಗೂ ಕ್ರ್ಯಾಂಕಿಗೂ ನಡುವಿನ ಸಂದು, ಪ್ಲಾಸ್ಟಿಗೇಜಿನಲ್ಲಿ 0.04 ಮಿಲಿಮೀಟರ್, ಉದ್ದಕ್ಕೆ ಆಟ ಡಯಲ್ ಗೇಜಿನಲ್ಲಿ 0.18. ರಾಡಿನ ದೊಡ್ಡ ತುದಿಯಲ್ಲಿ ಅಂಚು ಕಡಿದ ಬದಿ ಮೂಲೆಯ ದುಂಡಿನ ಕಡೆಗೇ ಬರುವಂತೆ ಕೂರಿಸಿದೆ. ಈ ಸಲ ಸಂಪಿನೊಳಗೆ ತಗಡಿನ ತಡೆಗೋಡೆ ವೆಲ್ಡ್ ಮಾಡಿದೆ, ಪಂಪಿನ ಬಾಯಿಯ ಸುತ್ತ ಆಯಿಲ್ ನಿಲ್ಲುವ ಹಾಗೆ. ಹೋದ ಸಲವೇ ಇದನ್ನು ಮಾಡಿದ್ದರೆ ಶೆಲ್ ಹೋಗುತ್ತಿರಲಿಲ್ಲ, ಗ್ರೈಂಡಿಂಗಿನ ಮಾತೇ ಬರುತ್ತಿರಲಿಲ್ಲ. ಆರ್‌ಪಿಎಂ ಮಿತಿ 7000ಕ್ಕೆ ಇಳಿಸಿದೆ. ಹುಡುಗ ಬೇಸರ ಮಾಡಿಕೊಂಡ, ಆದರೆ ಬೇಡ ಅನ್ನಲಿಲ್ಲ.

500 ಕಿಲೋಮೀಟರ್ ಓಡಿಸಿ ತಂದಾಗ ಆಯಿಲ್ ಫಿಲ್ಟರನ್ನು ಅಡ್ಡ ಕೊಯ್ದು ಕಾಗದ ಬಿಡಿಸಿ ಬಿಸಿಲಿಗೆ ಹಿಡಿದೆ. ಒಂದು ಹೊಳಪಿನ ಚೂರೂ ಇಲ್ಲ. ಅವತ್ತೇ ಅವನನ್ನು ಕೂರಿಸಿಕೊಂಡು ದೇವಿಮನೆ ಇಳಿದು ಮತ್ತೆ ಹತ್ತಿದೆ. ಕೊಡತಿ ಬಡಿದ ಆ ತಿರುವಿನಲ್ಲಿ ಇಬ್ಬರೂ ಮಾತಾಡಲಿಲ್ಲ, ಕ್ಲಚ್ ಪೆಡಲಿನ ಮೇಲೆ ಕಾಲಿಟ್ಟು ಕೇಳಿಸಿಕೊಂಡೆ. ನಡುಕವಿಲ್ಲ.

ಮುಂದಿನ ವಾರ ಎಂಸೀಲ್ ತುಂಡುಗಳನ್ನು ಪೊಟ್ಟಣ ಕಟ್ಟಿಕೊಂಡು ಗ್ರೈಂಡಿಂಗ್ ಮೇಸ್ತ್ರಿಯ ಹತ್ತಿರ ಹೋದೆ. ಜಗಳಕ್ಕಲ್ಲ, ತೋರಿಸಲು. ಮೂರನೇ ಪಿನ್ನಿನ ತುಂಡನ್ನು ಅವರು ಕನ್ನಡಕ ಹಣೆಗೇರಿಸಿ ಕಣ್ಣಿನ ಹತ್ತಿರ ಹಿಡಿದು ನೋಡಿದರು, ಮೆಟ್ಟಿಲಿನ ಮೇಲೆ ಉಗುರು ಆಡಿಸಿದರು. "ಇದು ನನ್ನ ಕಲ್ಲಿನ ಅಂಚೇ" ಅಂದರು. ಡ್ರಾವರ್ ಎಳೆದು ವಜ್ರದ ಡ್ರೆಸ್ಸರ್ ಹುಡುಕಿ ತೆಗೆದು, ನನ್ನೆದುರಿಗೇ ಕಲ್ಲಿನ ಎರಡೂ ಅಂಚು ದುಂಡಗೆ ಕೆತ್ತಿದರು. ಹೊರಡುವಾಗ ತುಂಡು ವಾಪಸ್ ಕೇಳಿದೆ. ಕೊಡಲಿಲ್ಲ, ಮಿಷನ್ನಿನ ಸ್ವಿಚ್ ಬೋರ್ಡಿನ ಮೇಲೆ, ಪ್ರತಿ ದಿನ ಕೈ ಹೋಗುವ ಜಾಗದಲ್ಲಿ, ಅಂಟಿಸಿಕೊಂಡರು.